ಪರಸ್ಪರ ನೆರವೆಂಬ ಪಾಠಶಾಲೆ

ಗಣಕಯಂತ್ರದ ಭಾಗಗಳನ್ನೂ ನಾವು ಅದರಲ್ಲಿ ಬಳಸುವ ತಂತ್ರಾಂಶಗಳನ್ನೂ ಹೊಂದಿಸಿ ನಡಿಸುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆಯೆಂದು ಹೆಸರು. ಇಂಥವುಗಳಲ್ಲಿ ಕೆಲವನ್ನು ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದು. ಇವನ್ನು ಮುಕ್ತ ಆಕರದ ವ್ಯವಸ್ಥೆಗಳೆನ್ನುವರು. ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಎಂಬ ತಿರುಳನ್ನು ಪ್ರಕಟಿಸಿದರು. ಅದನ್ನು ಬಳಸುವ ಡೆಬಿಯನ್ ಎಂಬ ವ್ಯವಸ್ಥೆಯನ್ನು 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದರು.

ಡೆಬಿಯನ್ ಬೆಲೆಯಿಲ್ಲದೆ ದೊರೆಯುವದು. ಮಾರಿದವರೇ ಇಲ್ಲವಾದ ಮೇಲೆ, ತೊಡಕು ಬಂದಾಗ ಯಾವ ಅಂಗಡಿಯನ್ನು ಕೇಳುವದು? ಇಲ್ಲಿ ಬಳಸುವವರೇ ಒಬ್ಬರಿಗೊಬ್ಬರು ಗುರುಗಳು. ಒಬ್ಬಳ ಪ್ರಶ್ನೆಗೆ ದೊರೆತ ಉತ್ತರವು ಎಲ್ಲರಿಗೂ ಕಾಣುವಂತೆ ಉಳಿದು, ಮುಂದೆ ಅದೇ ತೊಡಕಿಗೆ ಸಿಕ್ಕುವವರಿಗೆ ದಾರಿಯಾಗುವದು. ದೋಷಗಳನ್ನು ಮರೆಮಾಡುವದಿಲ್ಲವೆಂದು ಡೆಬಿಯನ್ ಸಮುದಾಯವು 1997ರ ತನ್ನ ಸಾಮಾಜಿಕ ಒಡಂಬಡಿಕೆಯಲ್ಲಿ ವಚನವಿತ್ತಿದೆ. ಬಳಕೆದಾರರು ತಿಳಿಸಿದ ದೋಷಗಳ ಪಟ್ಟಿಯನ್ನು ಯಾರೂ ಓದಬಹುದು.

ಆದರೆ ಉತ್ತರವನ್ನು ಬರೆದಿಟ್ಟರೆ ಸಾಲದು; ಅದನ್ನು ಕಾಪಾಡಿಕೊಳ್ಳಬೇಕು. ಜಾಲದ ಸಂಪರ್ಕವನ್ನು ಪರೀಕ್ಷಿಸಲು ಹಳೆಯ ಪಾಠಗಳು 'ಇಫ್‌ಕಾನ್ಫಿಗ್' ಎಂಬ ಆಜ್ಞೆಯನ್ನು ಕಲಿಸುತ್ತಿದ್ದವು. 2017ರಲ್ಲಿ ಹೊರಬಂದ ಡೆಬಿಯನ್ 9ನೆಯ ಆವೃತ್ತಿಯಿಂದ ಹೊಸ ಸ್ಥಾಪನೆಗಳಲ್ಲಿ ಅದು ತಾನಾಗಿ ಇರುವದಿಲ್ಲ. ಅದರ ಸ್ಥಾನದಲ್ಲಿ 'ಐಪಿ' ಎಂಬ ಆಜ್ಞೆಯಿರುವದು. ಹಳೆಯ ಪಾಠವನ್ನು ನಂಬಿದ ಹೊಸಬಳಿಗೆ, ಆಜ್ಞೆಯು ದೊರಕಲಿಲ್ಲವೆಂದು ಯಂತ್ರವು ತಿಳಿಸುವದು. ತಪ್ಪು ತನ್ನದೇ ಎಂದೂ ಈ ವಿದ್ಯೆ ತನಗೆ ಒಗ್ಗದೆಂದೂ ಅವಳು ಎದೆಗುಂದುವಳು. ಆ ಒಂದು ಸಾಲನ್ನು ಯಾರಾದರೂ ತಿದ್ದಿದ್ದರೆ ಅವಳು ಕಲಿಕೆಯನ್ನು ಬಿಡುತ್ತಿರಲಿಲ್ಲ. ಇಂಥ ತಿದ್ದುಪಡಿಗೆ ತಂತ್ರಾಂಶವನ್ನು ರಚಿಸುವ ಪಾಂಡಿತ್ಯ ಬೇಡ. ಪರೀಕ್ಷಿಸಿ ನೋಡುವ ತಾಳ್ಮೆಯೂ ಸ್ಪಷ್ಟವಾಗಿ ಬರೆಯುವ ಶಕ್ತಿಯೂ ಇದ್ದರಾಯಿತು. ಸ್ತ್ರೀಯರು ಈ ಕಾರ್ಯದಲ್ಲಿ ಹೆಚ್ಚಾಗಿ ಪಾಲುಗೊಳ್ಳಲೆಂದು 2004ರಲ್ಲಿ 'ಡೆಬಿಯನ್ ವಿಮೆನ್' ಎಂಬ ಯೋಜನೆಯೂ ಹುಟ್ಟಿತು.

ಕೇಳುವವರಿಗೂ ಕರ್ತವ್ಯಗಳುಂಟು. 'ಯಂತ್ರ ನಡೆಯುವದಿಲ್ಲ' ಎಂದಷ್ಟೇ ಬರೆಯುವದು, ವೈದ್ಯರ ಮುಂದೆ 'ಮೈ ಸರಿಯಿಲ್ಲ' ಎಂದು ಸುಮ್ಮನೆ ಕುಳಿತಂತೆ. ಮೊದಲು, ಅದೇ ಪ್ರಶ್ನೆಗೆ ಉತ್ತರ ಆಗಲೇ ಇದೆಯೋ ಎಂದು ಹುಡುಕಬೇಕು. ಇಲ್ಲವಾದರೆ, ಆವೃತ್ತಿ ಯಾವದು, ತಾನು ಏನು ಮಾಡಿದೆ, ಪರದೆಯ ಮೇಲೆ ಯಾವ ಮಾತು ಮೂಡಿತು ಎಂಬಿವನ್ನು ಇದ್ದಂತೆಯೇ ತಿಳಿಸಬೇಕು. ಗುಪ್ತಪದಗಳನ್ನು ಮಾತ್ರ ಎಂದೂ ಬರೆಯಬಾರದು. ಅರ್ಥವಾಗದ ಆಜ್ಞೆಯನ್ನು ಯಾರೋ ಹೇಳಿದರೆಂದು ಹಾಗೆಯೇ ನಡಿಸಬಾರದು. ಕೊನೆಗೆ ತೊಡಕು ಬಿಡಿಸಿದ ಉಪಾಯವನ್ನೂ ಅಲ್ಲಿಯೇ ಬರೆದಿಡಬೇಕು.

ಹಳೆಯ ವಿದ್ಯಾರ್ಥಿನಿಯರೇ, ತಾಯಿತಂದೆಗಳೇ, ನೀರು ಸೇದಿದವಳು ಹಗ್ಗವನ್ನು ಮುಂದಿನವಳಿಗಾಗಿ ಬಾವಿಯ ಬಳಿಯಲ್ಲಿಯೇ ಬಿಟ್ಟುಹೋಗುವಳಷ್ಟೆ. ಪಡೆದ ವಿದ್ಯೆಯನ್ನೂ ನಮ್ಮ ಮಕ್ಕಳು ಹಾಗೆಯೇ ಬಿಟ್ಟುಹೋಗಲು ಕಲಿಯಲಿ.