ನೆಲ ನಡುಗುವುದು ಯಾಕೆ?



ನಮ್ಮ ಮಕ್ಕಳು ಹೈಸ್ಕೂಲಿನಲ್ಲಿ ಭೂಕಂಪದ ಪಾಠ ಓದುತ್ತಾರೆ. ಪರೀಕ್ಷೆಯಲ್ಲಿ ಅದರ ಮೇಲೆ ಪ್ರಶ್ನೆ ಬರುತ್ತದೆ. ಉತ್ತರ ಬರೆದರೆ ಅಂಕ ಸಿಗುತ್ತದೆ. ಆದರೆ ಆ ಪಾಠ ಅಂಕಕ್ಕೆ ಮಾತ್ರ ಅಲ್ಲ. ಅದು ನಮ್ಮ ಮನೆಯ ಗೋಡೆಯ ಪಾಠ. ಮಕ್ಕಳನ್ನು ಎಲ್ಲಿ ಮಲಗಿಸಬೇಕು ಅನ್ನುವ ಪಾಠ. ಅದಕ್ಕೇ ನಾವೂ ಅದನ್ನು ಕಲಿಯೋಣ. ನಿಧಾನವಾಗಿ ಓದೋಣ.

ಆ ರಾತ್ರಿ

1993ನೇ ಇಸವಿ. ಸೆಪ್ಟೆಂಬರ್ 30. ಮಹಾರಾಷ್ಟ್ರದ ಲಾತೂರ ಜಿಲ್ಲೆಯಲ್ಲಿ ಕಿಲ್ಲಾರಿ ಅಂತ ಒಂದು ಊರು. ನಮ್ಮ ಬೀದರ, ಕಲಬುರಗಿ ಜಿಲ್ಲೆಗಳಿಗೆ ಅದು ದೂರವಲ್ಲ. ಹಿಂದಿನ ದಿನ ಗಣಪತಿ ಕಳಿಸುವ ಹಬ್ಬ. ಜನ ಮೆರವಣಿಗೆ ಮುಗಿಸಿ ತಡವಾಗಿ ಬಂದು ಮಲಗಿದ್ದರು.

ಬೆಳಗಿನ ಜಾವ ಸುಮಾರು 4 ಗಂಟೆ. ನೆಲ ಗುಡುಗಿತು. ಮನೆ ಅಲ್ಲಾಡಿತು. ಒಂದು ನಿಮಿಷವೂ ಹಿಡಿಯಲಿಲ್ಲ. ಅಷ್ಟರಲ್ಲಿ ಗೋಡೆಗಳು ಕುಸಿದವು. ಮಾಳಿಗೆಗಳು ಬಿದ್ದವು. ಮಲಗಿದವರು ಮಲಗಿದಲ್ಲೇ ಮಣ್ಣಿನ ಕೆಳಗೆ ಸಿಕ್ಕರು. ಸುಮಾರು 10,000 ಜನ ಸತ್ತರು. ಕಲಬುರಗಿ, ಬೀದರ ಕಡೆಯೂ ನೆಲ ನಡುಗಿತು. ನಿದ್ದೆಯಲ್ಲಿದ್ದವರು ಹೊರಗೆ ಓಡಿ ಬಂದರು.

ಯಾರ ಪಾಪ?

ಇಂಥದ್ದು ಆದಾಗ ಜನ ಏನಂತಾರೆ?

“ಭೂಮಿತಾಯಿ ಸಿಟ್ಟಾಗ್ಯಾಳ.”

“ಆದಿಶೇಷ ಹೆಡಿ ಹೊಳ್ಳಿಸ್ಯಾನ.”

“ಊರಾಗ ಪಾಪ ಹೆಚ್ಚಾಗೇದ.”

ಈ ಮಾತು ನಾವೂ ಕೇಳಿದ್ದೇವೆ. ನಾವೂ ಆಡಿದ್ದೇವೆ. ಆದರೆ ಒಂದು ಸಲ ಯೋಚನೆ ಮಾಡೋಣ. ಆ ರಾತ್ರಿ ತೊಟ್ಟಿಲಲ್ಲಿ ಮಲಗಿದ್ದ ಕೂಸು ಏನು ಪಾಪ ಮಾಡಿತ್ತು? ಹೊಲದಲ್ಲಿ ದುಡಿದು ದಣಿದು ಮಲಗಿದ್ದ ತಾಯಿ ಏನು ತಪ್ಪು ಮಾಡಿದ್ದಳು?

ಪಾಪ ಅಂದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಆಮೇಲೆ ನಾವು ಏನೂ ಮಾಡುವ ಹಾಗಿಲ್ಲ. ಕಾರಣ ಗೊತ್ತಾದರೆ ಉಪಾಯ ಹುಡುಕಬಹುದು. ಬನ್ನಿ, ಕಾರಣ ಏನು ನೋಡೋಣ.

ನೆಲದ ಕೆಳಗೆ ಏನಿದೆ?

ನಾವು ನಿಂತ ನೆಲ ಮೇಲಿನ ಕಲ್ಲಿನ ಪದರ. ಮೊಟ್ಟೆಗೆ ಸಿಪ್ಪೆ ಇರುವ ಹಾಗೆ ಭೂಮಿಗೆ ಈ ಪದರ ಇದೆ. ಆದರೆ ಈ ಸಿಪ್ಪೆ ಒಂದೇ ತುಂಡಲ್ಲ. ಒಡೆದು ಹಲವು ದೊಡ್ಡ ತುಂಡುಗಳಾಗಿದೆ. ಈ ತುಂಡುಗಳಿಗೆ ಭೂಫಲಕ ಅಂತ ಹೆಸರು. ಒಂದೊಂದು ಫಲಕ ಸುಮಾರು 100 ಕಿಲೋಮೀಟರ್ ದಪ್ಪ ಇರುತ್ತದೆ. ನಮ್ಮ ಭಾರತ ದೇಶ ಅಂಥ ಒಂದು ಫಲಕದ ಮೇಲಿದೆ.

ಫಲಕದ ಕೆಳಗೆ ಏನಿದೆ? ಅಲ್ಲಿಯೂ ಕಲ್ಲೇ. ಆದರೆ ಬಹಳ ಕಾದ ಕಲ್ಲು. ಕಾದು ಕಾದು ಮೆತ್ತಗಾದ ಕಲ್ಲು. ಅದು ನೀರಿನ ಹಾಗೆ ಹರಿಯುವುದಿಲ್ಲ. ಬಹಳ ನಿಧಾನವಾಗಿ ಸರಿಯುತ್ತದೆ.

ಒಲೆಯ ಮೇಲೆ ಹಾಲು ಕಾಯಿಸುತ್ತೇವೆ. ತಳದ ಬಿಸಿ ಹಾಲು ಮೇಲೆ ಬರುತ್ತದೆ. ಮೇಲಿನದು ಕೆಳಗೆ ಹೋಗುತ್ತದೆ. ಆಗ ಮೇಲಿನ ಕೆನೆ ಸುಮ್ಮನೆ ಇರುತ್ತದೆಯೇ? ಅಲುಗುತ್ತದೆ, ಸರಿಯುತ್ತದೆ, ಮಡಿಚಿಕೊಳ್ಳುತ್ತದೆ. ಭೂಮಿಯ ಒಳಗೂ ಕಾವು ಇದೆ. ಆ ಕಾವಿನಿಂದ ಒಳಗಿನ ಕಲ್ಲು ಸರಿದಾಡುತ್ತದೆ. ಮೇಲಿನ ಫಲಕಗಳೂ ಸರಿಯುತ್ತವೆ.

ಭಾರತದ ಫಲಕ ಉತ್ತರ ದಿಕ್ಕಿಗೆ ಸರಿಯುತ್ತಿದೆ. ಎಷ್ಟು ಅಂತೀರಿ? ವರ್ಷಕ್ಕೆ ನಾಲ್ಕೈದು ಸೆಂಟಿಮೀಟರ್. ಅಂದರೆ ಹೆಚ್ಚೂಕಡಿಮೆ ಮೂರು ಬೆರಳಿನ ಅಗಲ. ನಮ್ಮ ಕೈಯ ಉಗುರು ಬೆಳೆಯುವಷ್ಟು ನಿಧಾನ. ಅದಕ್ಕೇ ನಮಗೆ ತಿಳಿಯುವುದಿಲ್ಲ.

ರೊಟ್ಟಿಯಿಂದ ಕಲಿಯೋಣ

ಒಂದು ಜೋಳದ ರೊಟ್ಟಿ ತಗೊಳ್ಳಿ. ಒಣಗಿದ ಕಟಕ ರೊಟ್ಟಿ ಆದರೆ ಒಳ್ಳೆಯದು. ಅದನ್ನು ಎರಡು ತುಂಡು ಮಾಡಿ. ಗಂಗಾಳದಲ್ಲಿ ಪಕ್ಕಪಕ್ಕ ಇಡಿ.

ಈಗ ಎರಡನ್ನೂ ಒಂದಕ್ಕೊಂದು ಒತ್ತಿ. ಅಂಚು ಮೇಲೆ ಏಳುತ್ತದೆ, ಇಲ್ಲವೆ ಒಂದರ ಕೆಳಗೆ ಇನ್ನೊಂದು ನುಸುಳುತ್ತದೆ. ಆಮೇಲೆ ಎರಡನ್ನೂ ದೂರ ಸರಿಸಿ. ನಡುವೆ ಬಿರುಕು ಆಗುತ್ತದೆ. ಮತ್ತೆ ಕೂಡಿಸಿ, ಒಂದನ್ನು ಹಿಂದಕ್ಕೆ, ಇನ್ನೊಂದನ್ನು ಮುಂದಕ್ಕೆ ಉಜ್ಜಿ. ಅಂಚುಗಳು ತಡೆಯುತ್ತವೆ, ಆಮೇಲೆ ಜಾರುತ್ತವೆ.

ಭೂಫಲಕಗಳೂ ಹೀಗೆ ಮೂರು ರೀತಿ ಮಾಡುತ್ತವೆ. ಕೆಲವು ಕಡೆ ಒತ್ತುತ್ತವೆ. ಕೆಲವು ಕಡೆ ದೂರ ಹೋಗುತ್ತವೆ. ಕೆಲವು ಕಡೆ ಉಜ್ಜುತ್ತವೆ.

ಭಾರತದ ಫಲಕ ಉತ್ತರದ ದೊಡ್ಡ ಫಲಕವನ್ನು ಒತ್ತುತ್ತಿದೆ. ಈ ಒತ್ತಾಟ ಶುರುವಾಗಿ ಸುಮಾರು 5 ಕೋಟಿ ವರ್ಷ ಆಗಿದೆ. ಅದರಿಂದಲೇ ಹಿಮಾಲಯ ಪರ್ವತ ಎದ್ದದ್ದು. ಒತ್ತಾಟ ಇನ್ನೂ ನಿಂತಿಲ್ಲ. 2015ರ ಏಪ್ರಿಲ್ 25ರಂದು ನೇಪಾಳದಲ್ಲಿ ದೊಡ್ಡ ಭೂಕಂಪ ಆಯಿತು. ಅದಕ್ಕೂ ಇದೇ ಕಾರಣ.

ತೊಗರಿ ಕಟ್ಟಿಗೆಯಿಂದ ಕಲಿಯೋಣ

ಫಲಕ ನಿಧಾನ ಸರಿಯುತ್ತದೆ ಅಂದೆವು. ಹಾಗಾದರೆ ನೆಲ ಒಮ್ಮೆಲೇ ಯಾಕೆ ನಡುಗುತ್ತದೆ?

ಒಂದು ಒಣ ತೊಗರಿ ಕಟ್ಟಿಗೆ ತಗೊಳ್ಳಿ. ಎರಡೂ ತುದಿ ಹಿಡಿದು ನಿಧಾನ ಬಗ್ಗಿಸಿ. ಬಗ್ಗುತ್ತದೆ. ಇನ್ನೂ ಬಗ್ಗಿಸಿ. ಇನ್ನೂ ಬಗ್ಗುತ್ತದೆ. ಮತ್ತೂ ಬಗ್ಗಿಸಿದರೆ? ಚಟ್ ಅಂತ ಮುರಿಯುತ್ತದೆ. ಕೈ ಜುಮ್ ಅನ್ನುತ್ತದೆ.

ನಾವು ಬಗ್ಗಿಸಿದ್ದು ನಿಧಾನ. ಅದು ಮುರಿದದ್ದು ಒಂದು ಕ್ಷಣದಲ್ಲಿ.

ನೆಲದ ಒಳಗಿನ ಕಲ್ಲೂ ಹೀಗೇ. ಫಲಕ ಒತ್ತುತ್ತಾ ಇರುತ್ತದೆ. ಕಲ್ಲು ನೂರಾರು ವರ್ಷ ತಡೆದುಕೊಳ್ಳುತ್ತದೆ. ತಡೆಯಲಾರದೆ ಹೋದಾಗ ಬಿರುಕಿನಲ್ಲಿ ಜಾರುತ್ತದೆ. ಕೂಡಿಟ್ಟ ಬಲ ಒಮ್ಮೆಲೇ ಹೊರಗೆ ಬರುತ್ತದೆ. ಕೆರೆಗೆ ಕಲ್ಲು ಹಾಕಿದರೆ ಅಲೆ ಸುತ್ತಲೂ ಹರಡುತ್ತದಲ್ಲ? ಹಾಗೆ ಆ ಬಲ ಅಲೆಯಾಗಿ ನೆಲದಲ್ಲಿ ಹರಡುತ್ತದೆ. ಅದೇ ಭೂಕಂಪ.

ಕಿಲ್ಲಾರಿಯಲ್ಲಿ ಯಾಕೆ ಆಯಿತು?

ಒಂದು ಸಂಶಯ ಬರಬಹುದು. ಹಿಮಾಲಯ ಫಲಕದ ಅಂಚಿನಲ್ಲಿದೆ. ಕಿಲ್ಲಾರಿ ಫಲಕದ ನಡುವೆ ಇದೆ. ಅಲ್ಲಿ ಯಾಕೆ ನಡುಗಿತು?

ಜಾತ್ರೆಯ ದಿನ ಬಸ್ಸಿಗೆ ಜನ ಮುಗಿಬೀಳುತ್ತಾರೆ. ಮುಂದಿನವರು ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತಾರೆ. ಹಿಂದಿನವರು ನೂಕುತ್ತಲೇ ಇರುತ್ತಾರೆ. ಆಗ ನಡುವೆ ನಿಂತವರ ಎಲುಬೂ ನೋಯುತ್ತದೆ. ಅವರಲ್ಲಿ ಅಶಕ್ತರು ಇದ್ದರೆ ಮೊದಲು ಅವರೇ ಬೀಳುತ್ತಾರೆ.

ಹಾಗೆಯೇ ಅಂಚಿನ ಒತ್ತಡ ಫಲಕದ ನಡುವಿಗೂ ಬರುತ್ತದೆ. ನಡುವೆ ಹಳೆಯ ಬಿರುಕುಗಳು ಇರುತ್ತವೆ. ಅವು ಅಶಕ್ತ ಜಾಗ. ಅಲ್ಲಿ ಕಲ್ಲು ಜಾರುತ್ತದೆ. ಅಂಚಿನಲ್ಲಿ ಆದಷ್ಟು ಸಲ ನಡುವೆ ಆಗುವುದಿಲ್ಲ. ಆದರೆ ಆಗುವುದೇ ಇಲ್ಲ ಅನ್ನುವಂತಿಲ್ಲ. 2021ರ ಅಕ್ಟೋಬರಿನಲ್ಲಿ ಕಲಬುರಗಿ ಜಿಲ್ಲೆ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ ನೆಲ ಮತ್ತೆ ಮತ್ತೆ ನಡುಗಿತು. ಅವು ಸಣ್ಣ ನಡುಕ. ಆದರೂ ಜನ ಹೆದರಿ ಮನೆ ಬಿಟ್ಟು ಹೊರಗೆ ಮಲಗಿದರು.

ಜನರನ್ನು ಕೊಂದದ್ದು ಯಾವುದು?

ಈಗ ಮುಖ್ಯ ಮಾತಿಗೆ ಬರೋಣ. ಕಿಲ್ಲಾರಿಯಲ್ಲಿ ಜನರನ್ನು ಕೊಂದದ್ದು ನೆಲ ಅಲ್ಲ. ಮನೆ.

ಅಲ್ಲಿನ ಮನೆಗಳ ಗೋಡೆ ಬಹಳ ದಪ್ಪ. ಗುಂಡುಕಲ್ಲು ಜೋಡಿಸಿ ಬರೀ ಮಣ್ಣಿನಲ್ಲಿ ಕಟ್ಟಿದ್ದು. ಮೇಲೆ ಕಟ್ಟಿಗೆಯ ಜಂತಿ. ಅದರ ಮೇಲೆ ದಪ್ಪ ಮಣ್ಣಿನ ಮಾಳಿಗೆ. ಸೋರಬಾರದು ಅಂತ ಮತ್ತೆ ಮತ್ತೆ ಮಣ್ಣು ಹಾಕಿದ್ದರು. ಭಾರ ಏರುತ್ತಲೇ ಹೋಗಿತ್ತು. ಬಿಸಿಲಿಗೆ ಈ ಮನೆ ತಂಪು. ಆದರೆ ನೆಲ ನಡುಗಿದಾಗ ಮಣ್ಣು ಕಲ್ಲನ್ನು ಹಿಡಿಯಲಿಲ್ಲ. ಗೋಡೆ ಬಿಚ್ಚಿಕೊಂಡಿತು. ಮಾಳಿಗೆಯ ಭಾರವೆಲ್ಲ ಮಲಗಿದವರ ಮೇಲೆ ಬಿತ್ತು. ಹಗುರ ಚಾವಣಿಯ ಗುಡಿಸಲುಗಳಿಗೆ ಅಷ್ಟು ಹಾನಿ ಆಗಲಿಲ್ಲ.

ನಮ್ಮ ಕಡೆಯೂ ಇಂಥ ಮನೆ ಎಷ್ಟಿಲ್ಲ? ಭೂಫಲಕವನ್ನು ತಡೆಯುವುದು ಯಾರಿಂದಲೂ ಆಗದು. ಗೋಡೆ ಗಟ್ಟಿ ಮಾಡುವುದು ನಮ್ಮಿಂದ ಆಗುತ್ತದೆ.

ಮನೆ ಕಟ್ಟುವಾಗ ಕೇಳಬೇಕಾದ್ದು

“ಮನೆ ಕಟ್ಟೋದು ಗಂಡಸರ ವ್ಯವಹಾರ, ನಮಗ್ಯಾಕ್ರಿ?” ಅನ್ನಬೇಡಿ. ಆ ಮನೆಯಲ್ಲಿ ಹೆಚ್ಚು ಹೊತ್ತು ಇರುವವರು ನಾವು. ಕಿಲ್ಲಾರಿಯ ಭೂಕಂಪ ಆದ ಮೇಲೆ ಅಲ್ಲಿನ ಮಹಿಳಾ ಮಂಡಳಗಳ ಹೆಂಗಸರು ಮುಂದೆ ಬಂದರು. ಮನೆ ಗಟ್ಟಿ ಮಾಡುವ ವಿಧಾನ ಕಲಿತರು. ಊರವರಿಗೆ ತಿಳಿಸಿ ಹೇಳಿದರು. ಕೆಲಸ ಸರಿ ಆಗುತ್ತಿದೆಯೇ ಅಂತ ನಿಂತು ನೋಡಿದರು. ನಾವೂ ಗೌಂಡಿಯನ್ನು ಕೇಳೋಣ:

1. ಗೋಡೆಯ ಒಳಮೈಯಿಂದ ಹೊರಮೈವರೆಗೆ ಮುಟ್ಟುವ ಉದ್ದ ಕಲ್ಲುಗಳನ್ನು ಅಲ್ಲಲ್ಲಿ ಹಾಕಿದ್ದೀರಾ? ಅವು ಗೋಡೆಯನ್ನು ಬಿಚ್ಚಿಕೊಳ್ಳದಂತೆ ಹಿಡಿಯುತ್ತವೆ.
2. ಮೂಲೆಯಲ್ಲಿ ಎರಡು ಗೋಡೆಗಳು ಒಂದಕ್ಕೊಂದು ಹೆಣೆದುಕೊಂಡಿವೆಯೇ?
3. ಬಾಗಿಲು, ಕಿಟಕಿಯ ಮೇಲೆ ನಾಲ್ಕೂ ಗೋಡೆ ಸುತ್ತಿ ಬರುವ ಕಾಂಕ್ರೀಟಿನ ಪಟ್ಟಿ ಇದೆಯೇ? ಅದರಲ್ಲಿ ಕಬ್ಬಿಣದ ಸರಳು ಇರಬೇಕು. ಸೊಂಟಕ್ಕೆ ಡಾಬು ಬಿಗಿದ ಹಾಗೆ ಅದು ಮನೆಯನ್ನು ಬಿಗಿದು ಹಿಡಿಯುತ್ತದೆ.
4. ಮಾಳಿಗೆಯ ಮೇಲೆ ಭಾರ ಕಡಿಮೆ ಇದೆಯೇ?

ಹಳೆಯ ಮನೆಯನ್ನೂ ಗಟ್ಟಿ ಮಾಡಬಹುದು. ತಿಳಿದ ಎಂಜಿನಿಯರನ್ನು ಕೇಳಿ ಮಾಡಿಸಬೇಕು. ಮಲಗುವ ಜಾಗದ ಮೇಲೆ ಟ್ರಂಕು, ಕೊಪ್ಪರಿಗೆ ಇಡುವುದು ಬೇಡ.

ನೆಲ ನಡುಗಿದಾಗ

ಬಾಗಿಲ ಹತ್ತಿರ ಇದ್ದು, ಎದುರಿಗೇ ಬಯಲಿದ್ದರೆ ತಕ್ಷಣ ಬಯಲಿಗೆ ಹೋಗಿ. ಹೋಗಲು ಆಗದಿದ್ದರೆ ಗಟ್ಟಿ ಮೇಜಿನ ಕೆಳಗೆ ಸೇರಿ. ತಲೆ ಮುಚ್ಚಿಕೊಳ್ಳಿ. ಹೊರಗೆ ಇದ್ದರೆ ಗೋಡೆ, ಮರ, ಕರೆಂಟು ಕಂಬದಿಂದ ದೂರ ನಿಲ್ಲಿ.

ನಡುಕ ನಿಂತ ಮೇಲೆ ಒಲೆ ಆರಿಸಿ. ಗ್ಯಾಸು ಬಂದ್ ಮಾಡಿ. ಬಿರುಕು ಬಿಟ್ಟ ಮನೆಯೊಳಗೆ ಹೋಗಬೇಡಿ. ದೊಡ್ಡ ನಡುಕದ ಹಿಂದೆ ಸಣ್ಣ ನಡುಕಗಳು ಬರುತ್ತವೆ. ಒಡವೆ, ಪಾತ್ರೆ ತರಲು ಒಳಗೆ ಹೋಗಿ ಜೀವ ಕಳೆದುಕೊಳ್ಳಬೇಡಿ.

ಇನ್ನೊಂದು ಮಾತು. “ನಾಳೆ ರಾತ್ರಿ 12ಕ್ಕೆ ಮತ್ತೆ ಆಗುತ್ತದಂತೆ” ಅಂತ ಯಾರಾದರೂ ಸುದ್ದಿ ಹಬ್ಬಿಸಬಹುದು. ಭೂಕಂಪದ ದಿನ, ಗಂಟೆ ಮೊದಲೇ ಹೇಳಲು ಜಗತ್ತಿನ ಯಾವ ವಿಜ್ಞಾನಿಗೂ ಇವತ್ತಿನವರೆಗೆ ಆಗಿಲ್ಲ. ಜೋಯಿಸರಿಗೂ ಆಗದು. ಅಂಥ ಮಾತು ನಂಬಿ ಯಾರಿಗೂ ದುಡ್ಡು ಕೊಡಬೇಡಿ.

ಭೂಮಿತಾಯಿ ನಮ್ಮ ಮೇಲೆ ಸಿಟ್ಟಾಗಿಲ್ಲ. ಅವಳು ಕೋಟಿ ಕೋಟಿ ವರ್ಷಗಳಿಂದ ತನ್ನ ದಾರಿಯಲ್ಲಿ ಸರಿಯುತ್ತಿದ್ದಾಳೆ. ಅವಳ ಮೇಲೆ ಹೇಗೆ ಮನೆ ಕಟ್ಟಿ ಬಾಳಬೇಕು ಅನ್ನುವುದನ್ನು ಕಲಿಯಬೇಕಾದವರು ನಾವು.

ಹೊಸ ಪದಗಳು

ಭೂಕಂಪ – ನೆಲ ನಡುಗುವುದು
ಭೂಫಲಕ – ಭೂಮಿಯ ಮೇಲಿನ ಪದರದ ದೊಡ್ಡ ತುಂಡು
ಒತ್ತಡ – ಒತ್ತುವ ಬಲ

ಕೂಡಿ ಮಾತಾಡೋಣ

1. ತೊಗರಿ ಕಟ್ಟಿಗೆ ಮುರಿಯುವುದಕ್ಕೂ ಭೂಕಂಪಕ್ಕೂ ಏನು ಹೋಲಿಕೆ?
2. ಕಿಲ್ಲಾರಿಯಲ್ಲಿ ಅಷ್ಟು ಜನ ಸಾಯಲು ಕಾರಣ ಏನು?
3. ನಿಮ್ಮ ಮನೆಯ ಗೋಡೆ ಯಾವುದರಿಂದ ಕಟ್ಟಿದ್ದು? ಇವತ್ತು ಮನೆಗೆ ಹೋಗಿ ನೋಡಿ. ಬಿರುಕು ಇದ್ದರೆ ನಾಳೆ ಬಂದು ಹೇಳಿ.
4. ಹೈಸ್ಕೂಲಿಗೆ ಹೋಗುವ ಮಗ ಅಥವಾ ಮಗಳಿಗೆ ರೊಟ್ಟಿಯ ತುಂಡು ಇಟ್ಟು ಈ ಪಾಠ ನೀವೇ ಹೇಳಿಕೊಡಿ.