ಕುದುರೆಯ ಒಣಮೇವು: ಖರೀದಿ, ದಾಸ್ತಾನು ಮತ್ತು ಲೆಕ್ಕ

ಮೈಸೂರು ಸೀಮೆಗೆ ಕುದುರೆ ಸಾಕಣೆ ಹೊಸತಲ್ಲ. ಕುಣಿಗಲ್ಲಿನ ಕುದುರೆ ಫಾರಂನ ಇತಿಹಾಸವು ಹೈದರಾಲಿ–ಟಿಪ್ಪು ಸುಲ್ತಾನರ ಕಾಲದವರೆಗೆ ಹೋಗುತ್ತದೆ. ಇಂದು ರೇಸ್ ಕುದುರೆಗಳ ಮಾಲೀಕರಲ್ಲದೆ ಸವಾರಿ ಶಾಲೆಗಳೂ ರೆಸಾರ್ಟ್‌ಗಳೂ ಕುದುರೆಗಳನ್ನು ಸಾಕುತ್ತಿವೆ. ಇಂತಹ ಸಂಸ್ಥೆಗಳ ಖರ್ಚಿನಲ್ಲಿ ಮೇವಿನ ಪಾಲು ದೊಡ್ಡದು. ಆದರೂ ಖರೀದಿಯ ವೇಳೆ ಕಿಲೋ ದರವೊಂದನ್ನೇ ನೋಡುವ ರೂಢಿಯಿದೆ. ಈ ರೂಢಿಯಿಂದಾಗುವ ನಷ್ಟವನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಆಯ್ಕೆ

ದನಕ್ಕೆ ಒಗ್ಗಿದ ಮೇವೆಲ್ಲ ಕುದುರೆಗೆ ಒಗ್ಗದು. ದನದಂತೆ ಮೆಲುಕು ಹಾಕದ ಕುದುರೆಗೆ ವಾಂತಿಯೂ ಆಗದು. ತಿಂದ ಕೆಟ್ಟ ಮೇವನ್ನು ಹೊರಹಾಕುವ ದಾರಿ ಅದಕ್ಕಿಲ್ಲ. ಬೂಷ್ಟು ಹಿಡಿದ ಹುಲ್ಲು ಹೊಟ್ಟೆಶೂಲೆಗೂ, ಅದರ ಧೂಳು ಶ್ವಾಸದ ತೊಂದರೆಗೂ ಕಾರಣವಾಗಬಲ್ಲದು.

ಕುದುರೆ ಮಸಾಲೆಯಲ್ಲಿ, ಅಂದರೆ ಲೂಸರ್ನ್ ಸೊಪ್ಪಿನಲ್ಲಿ, ಪ್ರೋಟೀನು ಮತ್ತು ಸುಣ್ಣದಂಶ ಹೆಚ್ಚು. ಹಾಲೂಡಿಸುವ ಹೆಣ್ಣು ಕುದುರೆಗಳಿಗೆ ಅದು ಉಪಯುಕ್ತ. ಹೆಚ್ಚು ದುಡಿಮೆಯಿಲ್ಲದ ಕುದುರೆಗೆ ರೋಡ್ಸ್ ಹುಲ್ಲಿನಂತಹ ಒಣಹುಲ್ಲೇ ಮುಖ್ಯವಾಗಿರಬೇಕು. ಖರೀದಿಗೆ ಮುನ್ನ ಒಂದೆರಡು ಕಟ್ಟುಗಳನ್ನು ಬಿಚ್ಚಿಸಿ ನೋಡಬೇಕು. ಹಸಿರು ಛಾಯೆ, ಉದುರದ ಎಲೆ, ಮೃದುವಾದ ಕಾಂಡ, ಹಿತವಾದ ವಾಸನೆ ಇವು ಒಳ್ಳೆಯ ಹುಲ್ಲಿನ ಲಕ್ಷಣಗಳು. ಕೊಡವಿದಾಗ ಧೂಳೆದ್ದರೆ ಅಥವಾ ಒಳಗೆ ಕೈಯಿಟ್ಟಾಗ ಬಿಸಿ ತಾಗಿದರೆ ಆ ಸರಕನ್ನು ತಿರಸ್ಕರಿಸುವುದೇ ಲೇಸು.

ದರದ ಲೆಕ್ಕ

ಹುಲ್ಲಿನ ತೂಕದಲ್ಲಿ ನೀರಿನ ತೂಕವೂ ಸೇರಿರುತ್ತದೆ. ಉದಾಹರಣೆಗೆ, ಶೇ. 12 ತೇವಾಂಶದ ಹುಲ್ಲಿಗೆ ಕಿಲೋಗೆ 20 ರೂ., ಶೇ. 22 ತೇವಾಂಶದ ಹುಲ್ಲಿಗೆ 18 ರೂ. ಎಂದಿರಲಿ. ನೀರನ್ನು ಕಳೆದರೆ ಮೊದಲನೆಯದರ ಒಣ ಪದಾರ್ಥ ಕಿಲೋಗೆ 22.73 ರೂ., ಎರಡನೆಯದರದು 23.08 ರೂ. ಆಗುತ್ತದೆ. ಎರಡನೆಯದರಲ್ಲಿ ಹತ್ತನೆಯ ಒಂದು ಪಾಲು ಬೂಷ್ಟು ಹಿಡಿದು ಹಾಳಾದರೆ ಬೆಲೆ 25.64 ರೂ.ಗೆ ಏರುತ್ತದೆ.

500 ಕಿಲೋ ತೂಕದ ಕುದುರೆಗೆ, ದೇಹತೂಕದ ಶೇ. 2ರಂತೆ, ದಿನಕ್ಕೆ 10 ಕಿಲೋ ಒಣ ಪದಾರ್ಥ ಬೇಕೆಂದಿಟ್ಟುಕೊಂಡರೆ ವ್ಯತ್ಯಾಸ ದಿನಕ್ಕೆ 29 ರೂ., ವರ್ಷಕ್ಕೆ ಸುಮಾರು 10,600 ರೂ. ಕಿಲೋಗೆ 2 ರೂ. ಉಳಿಸಹೊರಟವರು ಒಂದೊಂದು ಕುದುರೆಯ ಮೇಲೂ ಇಷ್ಟನ್ನು ಕಳೆದುಕೊಳ್ಳುತ್ತಾರೆ. ಪಶುವೈದ್ಯರ ಖರ್ಚು ಇದರಲ್ಲಿ ಸೇರಿಲ್ಲ.

ದಾಸ್ತಾನು

ಮಳೆಗಾಲಕ್ಕೆ ಬೇಕಾದ ಹುಲ್ಲನ್ನು ಬೇಸಿಗೆಯಲ್ಲೇ ಕೊಂಡಿಡುವುದು ಕ್ಷೇಮ. ಮೇಲಿನ ಉತ್ತಮ ಹುಲ್ಲನ್ನು ಒಂದು ಕುದುರೆಗೆ ನಾಲ್ಕು ತಿಂಗಳಿಗಾಗುವಷ್ಟು ಕೊಂಡರೆ ಸುಮಾರು 27,700 ರೂ. ತೊಡಗುತ್ತದೆ. ದಾಸ್ತಾನು ದಿನೇ ದಿನೇ ಕರಗುವುದರಿಂದ, ಶೇ. 12ರ ದರದಲ್ಲಿ ಬಡ್ಡಿ ಸುಮಾರು 555 ರೂ. ಮಾತ್ರ. ಹಾಳಾಗುವ ಹುಲ್ಲಿನ ಬೆಲೆಯ ಮುಂದೆ ಇದು ಅಲ್ಪ.

ಕಟ್ಟುಗಳು ನೆಲಕ್ಕಾಗಲಿ ಗೋಡೆಗಾಗಲಿ ತಾಗದಂತೆ ಮರದ ಹಲಗೆಗಳ ಮೇಲೆ, ಗಾಳಿಯಾಡುವಂತೆ ಜೋಡಿಸಬೇಕು. ಒದ್ದೆ ಹುಲ್ಲನ್ನು ಒತ್ತಾಗಿ ಪೇರಿಸಿದರೆ ಒಳಗೇ ಕಾವೇರಿ ತಾನಾಗಿ ಹೊತ್ತಿಕೊಳ್ಳುವ ಅಪಾಯವೂ ಇದೆ. ಆದ್ದರಿಂದ ಹುಲ್ಲಿನ ಕೊಠಡಿ ಲಾಯದಿಂದ ಬೇರೆಯಾಗಿರುವುದು ಲೇಸು. ಮೊದಲು ಬಂದದ್ದು ಮೊದಲು ಖರ್ಚಾಗುವಂತೆ ಪ್ರತಿ ಸಾಲಿಗೂ ದಿನಾಂಕದ ಚೀಟಿ ಕಟ್ಟಬೇಕು.

ಪುಸ್ತಕ ಮತ್ತು ವಾಸ್ತವ

ಒಂದು ಸವಾರಿ ಶಾಲೆಯ ಮಾರ್ಚ್ 31ರ ದಾಸ್ತಾನು ಪರಿಶೀಲನೆಗೆ ಹೋಗಿದ್ದೆ. ಕಟ್ಟುಗಳ ಸಂಖ್ಯೆ ಪುಸ್ತಕಕ್ಕೆ ಸರಿಹೊಂದಿತ್ತು. ಕೆಳಸಾಲಿನಿಂದ ಒಂದನ್ನು ಎಳೆಸಿ ನೋಡಿದರೆ ಒಳಗೆಲ್ಲ ಕಪ್ಪು ಬೂಷ್ಟು. "ಒಳ್ಳೆಯದರೊಡನೆ ಬೆರೆಸಿ ಹಾಕಿಬಿಡುತ್ತೇವೆ ಸಾರ್, ಬರೆದು ಹಾಕಬೇಡಿ" ಎಂದರು ವ್ಯವಸ್ಥಾಪಕರು. ನಾನು ಒಪ್ಪಲಿಲ್ಲ. ಲಾಭದಲ್ಲಿ ಕಡಿತವಾಯಿತು, ಕುದುರೆಗಳು ಅದನ್ನು ತಿನ್ನುವುದು ತಪ್ಪಿತು.

ಹಾಳಾದ ಮೇವನ್ನು ಆಯಾ ತಿಂಗಳೇ ನಷ್ಟವೆಂದು ಬರೆದು ಕೊಟ್ಟಿಗೆಯಿಂದ ಹೊರಹಾಕಬೇಕು. ಎಣಿಕೆಯ ದಿನ ಮೇಲಿನ ಸಾಲನ್ನಷ್ಟೇ ನೋಡದೆ ಕೆಳಗಿನದನ್ನೂ ಎಳೆಸಿ ನೋಡಬೇಕು. ಪುಸ್ತಕದಲ್ಲಿ ಬೆಲೆ ಉಳಿಸಿಕೊಂಡ ಬೂಷ್ಟು ಹುಲ್ಲು ಒಂದಲ್ಲ ಒಂದು ದಿನ ಕುದುರೆಯ ಮುಂದೆ ಬಂದೇ ಬರುತ್ತದೆ.