ವನದುರ್ಗದಲ್ಲಿ ನನ್ನ ಪ್ರೊಬೇಷನ್

ಗ್ರಾಮ ಲೆಕ್ಕಿಗನಾಗಿ ವನದುರ್ಗದ ಕಡೆ ಬಂದಾಗ, ನೇಮಕಾತಿ ಆದೇಶದಲ್ಲಿ ನಾನು ಮತ್ತೆ ಮತ್ತೆ ಓದಿದ್ದು ಒಂದೇ ಸಾಲು: ಎರಡು ವರ್ಷ ಪ್ರೊಬೇಷನ್. ಹುದ್ದೆಯ ಹೆಸರು ಈಗ ಗ್ರಾಮ ಆಡಳಿತಾಧಿಕಾರಿ ಎಂದಾಗಿದೆ. ಊರವರಿಗೆ ಮಾತ್ರ ತಲಾಟಿಯೇ. ತೀರಾ ಮುದುಕರಿಗೆ ನಿಜಾಮನ ಕಾಲದ ಪಟವಾರಿ. ಮೂರರಲ್ಲಿ ಯಾವ ಹೆಸರಿಗೂ ಆಗ ನಾನು ತಕ್ಕವನಾಗಿರಲಿಲ್ಲ. ಹೊಸದಾಗಿ ಸೇರುವವರಿಗೆ ಉಪಯೋಗವಾದೀತೆಂದು ನಾನು ಎಡವಿದ ಜಾಗಗಳನ್ನಷ್ಟೇ ಇಲ್ಲಿ ತೋರಿಸುತ್ತೇನೆ.

1. ಎರಡು ವರ್ಷ ತುಂಬಿದರೆ ತಾನಾಗಿಯೇ ಮುಗಿಯುವುದಿಲ್ಲ.
ದಿನ ಎಣಿಸುತ್ತ ಕೂತಿದ್ದೆ. 1977ರ ಪ್ರೊಬೇಷನ್ ನಿಯಮಗಳನ್ನು ಓದಿರಲಿಲ್ಲ. ಅವಧಿ ತೃಪ್ತಿಕರವಾಗಿ ಮುಗಿದಿದೆ ಎಂದು ಪ್ರತ್ಯೇಕ ಆದೇಶ ಹೊರಡುವ ತನಕ ನಾವು ಪ್ರೊಬೇಷನರ್‌ಗಳೇ. ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಪಾಸಾಗಬೇಕೆಂಬ 2012ರ ನಿಯಮ ಬೇರೆ. ಇಡೀ ದಿನ ಮೊಬೈಲ್ ತಿಕ್ಕುವವನಿಗೆ ಇದೇನು ಮಹಾ ಎಂದು ಓದದೇ ಹೋದೆ, ಫೇಲಾದೆ. ನನ್ನ ಜೊತೆ ಸೇರಿದವರು ಪೇಢೆ ಹಂಚುವಾಗ ನಾನು ಎಕ್ಸೆಲ್ ಪುಸ್ತಕ ಹಿಡಿದಿದ್ದೆ.

2. ಬೆಳೆಯನ್ನು ಹೊಲದಲ್ಲಿ ನೋಡಬೇಕು.
ಇದು ಇವತ್ತಿಗೂ ಚುಚ್ಚುವ ತಪ್ಪು. ವನದುರ್ಗವಿರುವ ಶಹಾಪುರ ತಾಲ್ಲೂಕಿನಲ್ಲಿ ನಾರಾಯಣಪುರದ ಕಾಲುವೆ ನೀರು ಹರಿದಲ್ಲಿ ಭತ್ತ, ಹರಿಯದಲ್ಲಿ ಹತ್ತಿ, ತೊಗರಿ. ಎಷ್ಟೋ ಹೊಲಗಳಲ್ಲಿ ಹತ್ತಿಯ ನಡುವೆಯೇ ತೊಗರಿಯ ಸಾಲು ಇರುತ್ತದೆ. ಮುಂಗಾರಿನ ಬೆಳೆ ಸಮೀಕ್ಷೆಗೆ ಊರಿನ ಹುಡುಗರು ಆ್ಯಪ್‌ನಲ್ಲಿ ಫೋಟೊ ತೆಗೆದು ಕಳಿಸಿದ್ದರು. ಅದನ್ನು ಪರಿಶೀಲಿಸಬೇಕಾದ ನಾನು ಫ್ಯಾನಿನ ಕೆಳಗೆ ಕೂತು ಒಂದರ ಹಿಂದೆ ಒಂದಕ್ಕೆ ಒಪ್ಪಿಗೆ ಒತ್ತಿದೆ. ಒಬ್ಬ ರೈತರ ಹೊಲದ ಫೋಟೊವನ್ನು ಬದುವಿನ ಮೇಲೆ ನಿಂತೇ ತೆಗೆದಿದ್ದರು. ಕಾಣುತ್ತಿದ್ದದ್ದು ಬರೀ ಹತ್ತಿ. ಪಹಣಿಯ 12ನೇ ಕಾಲಂನಲ್ಲೂ ಅದೇ ಕೂತಿತು. ರಾಶಿ ಮುಗಿಸಿ ಅವರು ಬೆಂಬಲ ಬೆಲೆಗೆ ಹೆಸರು ನೋಂದಾಯಿಸಲು ಹೋದಾಗ ದಾಖಲೆಯಲ್ಲಿ ತೊಗರಿಯೇ ಇಲ್ಲ. ಕೊನೆಗೆ ವ್ಯಾಪಾರಿಗೆ ಅವನು ಹೇಳಿದ ದರಕ್ಕೇ ಕೊಟ್ಟರು. ಮರುದಿನ ನನ್ನ ಮುಂದೆ ನಿಂತು, ಬೈಯದೆ ಕೇಳಿದರು: “ಸಾಹೇಬ್ರ, ನಮ್ಮ ಹೊಲದಾಗ ಬೆಳೆದ ತೊಗರಿ ನಿಮ್ಮ ಮೊಬೈಲ್‌ನ್ಯಾಗ ಯಾಕ ಹುಟ್ಟಲಿಲ್ರಿ?” ಬೈದಿದ್ದರೆ ಚೆನ್ನಾಗಿತ್ತು.

ಆಮೇಲಿಂದ ಗ್ರಾಮ ಸಹಾಯಕರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೊಲಕ್ಕೇ ಹೋಗುತ್ತೇನೆ. ಯಾವ ಹೊಲ ಯಾರ ಹೆಸರಲ್ಲಿದೆ, ಯಾರು ಪಾಲಿಗೆ ಮಾಡುತ್ತಾರೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಅವರನ್ನು ಚಹಾ ತರಲು ಕಳಿಸುತ್ತಿದ್ದೆನಲ್ಲ, ಅದಕ್ಕೆ ನಾಚಿಕೆಯಾಗುತ್ತದೆ.

3. ನಮಗೆ ಓದಲು ಬಾರದ್ದೂ ದಾಖಲೆಯೇ.
ಒಬ್ಬ ಅಜ್ಜಿ ಸೆರಗಿನ ಗಂಟಿನಿಂದ ಉರ್ದು ಕಾಗದವೊಂದನ್ನು ಬಿಚ್ಚಿದರು. ಇದೆಲ್ಲ ನಡೆಯುವುದಿಲ್ಲ, ಕಂಪ್ಯೂಟರ್ ಪಹಣಿ ತಗೊಂಡು ಬಾ ಎಂದೆ. “ಕಂಪ್ಯೂಟರ್‌ನ್ಯಾಗ ತಪ್ಪೈತಿ ಅಂತನೇ ಇದನ್ನ ತಂದೀನಿ ಯಪ್ಪಾ” ಎಂದರು. ಈ ಸೀಮೆ 1948ರ ತನಕ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಕಂದಾಯದ ಬರವಣಿಗೆ ಉರ್ದುವಿನಲ್ಲಿ ನಡೆಯುತ್ತಿತ್ತು ಎಂದು ಪರೀಕ್ಷೆಗೆ ಓದಿದ್ದೆ. ಅಜ್ಜಿಯ ಮುಂದೆ ನೆನಪಾಗಲಿಲ್ಲ. ನಿವೃತ್ತ ಉರ್ದು ಮೇಷ್ಟ್ರೊಬ್ಬರು ಹತ್ತು ನಿಮಿಷದಲ್ಲಿ ಓದಿ ಹೇಳಿದರು: ಸರ್ವೆ ನಂಬರು ಸರಿ, ಅಜ್ಜಿಯ ಮಾವನ ಹೆಸರು ಮಾತ್ರ ಈಗಿನ ಪಹಣಿಯಲ್ಲಿ ಬೇರೆ. ತಿದ್ದುಪಡಿಗೆ ತಹಶೀಲ್ದಾರರಿಗೆ ಅರ್ಜಿ ಬರೆದುಕೊಟ್ಟೆ. ಮೊದಲ ದಿನವೇ ಬರೆಯಬಹುದಿತ್ತು; ಮೂರು ಸಲ ಓಡಾಡಿಸಿದ್ದೆ.

4. ‘ನಾಳೆ ಬನ್ನಿ’ ಎನ್ನುವ ಮುಂಚೆ ಒಂದು ದಿನದ ಕೂಲಿ ಎಷ್ಟೆಂದು ಕೇಳಿ.
ಹತ್ತಿ ಬಿಡಿಸುವ ದಿನಗಳಲ್ಲಂತೂ ಕೇಳಲೇಬೇಕು.

5. ಪಂಚನಾಮೆಯನ್ನು ಚಹಾದಂಗಡಿಯಲ್ಲಿ ಬರೆಯಬಾರದು.
ಮಳೆಗೆ ಬಿದ್ದ ಮನೆಯೊಂದರದ್ದು ಹಾಗೆ ಬರೆದೆ. ಬಿದ್ದದ್ದು ಪೂರ್ವದ ಗೋಡೆ, ನಾನು ಬರೆದದ್ದು ಪಶ್ಚಿಮದ್ದು. ಅರ್ಜಿ ವಾಪಸ್ ಬಂತು, ಹೋಗಿ ನೋಡುವಷ್ಟರಲ್ಲಿ ಪಶ್ಚಿಮದ ಗೋಡೆಯೂ ಬಿದ್ದಿತ್ತು.

ನನ್ನ ಪ್ರೊಬೇಷನ್ ಮುಗಿದ ಆದೇಶ ಬಂದದ್ದು ಎರಡು ವರ್ಷ ಎಂಟು ತಿಂಗಳಿಗೆ. ಆ ತೊಗರಿಯ ರೈತರ ಹೊಲಕ್ಕೆ ಈಗ ಪ್ರತಿ ಮುಂಗಾರಿಗೂ ನಾನೇ ಹೋಗುತ್ತೇನೆ. ಈ ವರ್ಷ ಅವರು ಬರೀ ಹತ್ತಿ ಹಾಕಿದ್ದಾರೆ.